ಹೊರನಾಡಿನ ವಿವಾಹಪತ್ರವೂ ತಾಯ್ನಾಡಿನ ಕಾಯಿದೆಯೂ

ತುಂಗಭದ್ರೆಯ ದಡದ ಹೊನ್ನಾಳಿಯಂಥ ಊರಿನಿಂದಲೂ ತರುಣರು ಉದ್ಯೋಗಾರ್ಥವಾಗಿ ಸಮುದ್ರದಾಚೆಗೆ ಹೋಗಿ ನೆಲಸುವುದು ಈಗ ಅಪರೂಪವಲ್ಲ. ಅವರಲ್ಲೊಬ್ಬ ಪುರುಷನು ಪುರುಷನನ್ನೋ, ಸ್ತ್ರೀಯು ಸ್ತ್ರೀಯನ್ನೋ ಅಲ್ಲಿಯ ಕಾಯಿದೆಯಂತೆ ವರಿಸಿ ಊರಿಗೆ ಮರಳಿದಲ್ಲಿ, ಆ ವಿವಾಹಪತ್ರಕ್ಕೆ ಇಲ್ಲಿ ಬೆಲೆಯೇನು? ಈ ಪ್ರಶ್ನೆಯು ಕೆಲವರಿಗೆ ರುಚಿಸದಿರಬಹುದು. ಆದರೆ ಕಛೇರಿಯ ಮೇಜಿನ ಮುಂದೆ ಬಂದು ನಿಂತ ಪ್ರಶ್ನೆಗೆ ಉತ್ತರ ಹೇಳಲೇಬೇಕಷ್ಟೆ.

ಮೊದಲು ಅಲ್ಲಿಯ ನಿಬಂಧನೆಗಳನ್ನು ನೋಡೋಣ. 2001ನೆಯ ಇಸವಿ ಏಪ್ರಿಲ್ 1ರಂದು ಇಂಥ ವಿವಾಹಕ್ಕೆ ಮೊದಲು ಬಾಗಿಲು ತೆರೆದ ನೆದರ್ಲೆಂಡ್ಸಿನಲ್ಲಿ ಇಬ್ಬರಲ್ಲೊಬ್ಬರು ಆ ದೇಶದ ಪ್ರಜೆಯೋ ನಿವಾಸಿಯೋ ಆಗಿರಬೇಕು. ಡೆನ್ಮಾರ್ಕಿನಲ್ಲಿ ನಿವಾಸದ ಕಟ್ಟಳೆಯಿಲ್ಲ. ಆದರೆ ಕುಟುಂಬವ್ಯವಹಾರದ ಸರಕಾರಿ ಕಛೇರಿಯಿಂದ ಅನುಮತಿಪತ್ರ ಪಡೆದು, ನಾಲ್ಕು ತಿಂಗಳೊಳಗೆ ಮದುವೆ ನಡೆಯತಕ್ಕದ್ದು. 2025ರ ಜನವರಿ 23ರಿಂದ ಥಾಯ್ಲೆಂಡೂ ಈ ಸಾಲಿಗೆ ಸೇರಿತು. ಅಲ್ಲಿ ಪರದೇಶೀಯನು ತಾನು ಅವಿವಾಹಿತನೆಂಬ ಬಗ್ಗೆ ತನ್ನ ರಾಯಭಾರ ಕಛೇರಿಯ ಪತ್ರವನ್ನು ಥಾಯ್ ಭಾಷೆಗೆ ಅನುವಾದಿಸಿ ಒಪ್ಪಿಸಬೇಕು. ಕನ್ನಡದಲ್ಲಿರುವ ಜನನಪತ್ರವಾದರೆ ಅದಕ್ಕೂ ಅನುವಾದ, ದೃಢೀಕರಣಗಳು ಅವಶ್ಯ.

ಕಟ್ಟುವ ಮುನ್ನ ಬಿಚ್ಚುವ ದಾರಿಯನ್ನೂ ಅರಿತಿರುವುದು ವಿವೇಕ. ಕೆನಡಾದಲ್ಲಿ ಹೊರಗಿನವರು ಮದುವೆಯಾಗಬಹುದಾಗಿತ್ತು, ಆದರೆ ವಿಚ್ಛೇದನಕ್ಕೆ ಒಂದು ವರ್ಷದ ನಿವಾಸ ಬೇಕಾಗಿತ್ತು. ಈ ಇಕ್ಕಟ್ಟು ತೀರಲು 2013ರ ತಿದ್ದುಪಡಿಯೇ ಬೇಕಾಯಿತು.

ಇನ್ನು ನಮ್ಮ ನಾಡಿನ ಸ್ಥಿತಿ. 2018ರ ಸೆಪ್ಟೆಂಬರ್ 6ರಿಂದ ವಯಸ್ಕರ ಸಮ್ಮತಿಯ ಸಲಿಂಗಸಂಬಂಧವು ಅಪರಾಧವಲ್ಲ. ಆದರೆ 1969ರ ವಿದೇಶೀ ವಿವಾಹ ಕಾಯಿದೆಯು ವರನಿಗೆ 21, ವಧುವಿಗೆ 18 ವರ್ಷವೆಂದು ವಿಧಿಸಿ, ಸ್ತ್ರೀಪುರುಷರ ವಿವಾಹವನ್ನೇ ಭಾವಿಸಿಕೊಂಡಿದೆ. 2023ರ ಅಕ್ಟೋಬರ್ 17ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರು, ವಿವಾಹವು ಮೂಲಭೂತ ಹಕ್ಕಲ್ಲವೆಂದೂ ಕಾಯಿದೆ ಮಾಡುವುದು ಶಾಸಕರ ಕೆಲಸವೆಂದೂ ತೀರ್ಪಿತ್ತರು; ಪುನರ್ವಿಮರ್ಶೆಯ ಅರ್ಜಿಗಳು 2025ರ ಜನವರಿ 9ರಂದು ವಜಾ ಆದವು. ಆದಕಾರಣ ಹೊರನಾಡಿನ ಪತ್ರವೊಂದರಿಂದಲೇ ಇಲ್ಲಿ ಪತಿಪತ್ನಿಯರ ವಾರಸಾ ಹಕ್ಕು ದೊರೆಯದು.

ಹಾಗಾದರೆ ಮಾಡತಕ್ಕದ್ದೇನು? ಮರಣಶಾಸನ ಬರೆದಿಡಬಹುದು. ಜಂಟಿ ಬ್ಯಾಂಕ್ ಖಾತೆಗೂ ಸಂಗಾತಿಯನ್ನು ನಾಮನಿರ್ದೇಶ ಮಾಡುವುದಕ್ಕೂ ತಡೆಯಿಲ್ಲವೆಂದು ಕೇಂದ್ರದ ಅರ್ಥಖಾತೆಯೇ 2024ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿದೆ. ಇವು ಅರೆ ಆಸರೆಗಳು, ಆಸ್ಪತ್ರೆಯ ಹಾಸಿಗೆಯ ಬಳಿ ನಿಂತವನಿಗೆ "ನೀನು ಯಾರು?" ಎಂಬ ಪ್ರಶ್ನೆ ಬಂದಾಗ ಬ್ಯಾಂಕಿನ ಪುಸ್ತಕವು ಉತ್ತರವಾಗಲಾರದು. ನ್ಯಾಯಾಲಯವು ಬೆರಳು ತೋರಿದ್ದು ಶಾಸನಸಭೆಯ ಕಡೆಗೆ. ಅಲ್ಲಿ ಕುಳಿತವರು ಮೌನವಾಗಿರುವುದು ಉತ್ತರವೆನಿಸದು. ಅಲ್ಲಿಯವರೆಗೆ, ಇಂಥವರು ಕಛೇರಿಗೆ ಬಂದಾಗ ಕಾಯಿದೆಯಲ್ಲಿರುವುದನ್ನು ಕೊಟ್ಟು, ಇಲ್ಲದ್ದನ್ನು ಮರ್ಯಾದೆಯಿಂದ ತಿಳಿಸುವುದಾದರೂ ನಮ್ಮ ಅಧಿಕಾರಿಗಳ ಕೈಲಿದೆ.