ಸೆನ್ಸರ್ ಏಕೆ ಮೇಲ್ಮುಖವಾಗಿಯೇ?

ಪ್ರಶ್ನೆ: ಹಳೆಯ ಕಾರ್ಬ್ಯುರೇಟರ್ ಕಾರಿಗೆ ಗಾಳಿ-ಇಂಧನ ಅನುಪಾತದ ಗೇಜ್ ಹಾಕಿಸುತ್ತಿದ್ದೇನೆ. ಆಕ್ಸಿಜನ್ ಸೆನ್ಸರನ್ನು ಹೊಗೆಕೊಳವೆಯ ಮೇಲ್ಭಾಗದಲ್ಲೇ ಕೂರಿಸಬೇಕೆನ್ನುತ್ತಾರೆ, ಏಕೆ?

ಉತ್ತರ: ನೀರಿನ ಭಯ. ಪೆಟ್ರೋಲ್ ಉರಿದಾಗ ಹಬೆಯೂ ಹುಟ್ಟುತ್ತದೆ. ತಣ್ಣಗಿನ ಕೊಳವೆಯಲ್ಲಿ ಅದು ಹನಿಗಟ್ಟಿ ತಳದಲ್ಲಿ ನಿಲ್ಲುತ್ತದೆ. ಸೆನ್ಸರಿನ ಜೀವವಿರುವುದು ಜಿರ್ಕೋನಿಯಾ ಎಂಬ ಪಿಂಗಾಣಿಯಲ್ಲಿ. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲಷ್ಟೇ ಅದು ಸರಿಯಾಗಿ ಕೆಲಸ ಮಾಡುವುದು. ಹಾಗೆ ಕಾದ ಪಿಂಗಾಣಿಗೆ ಹನಿ ತಾಗಿದರೆ ಬಿರುಕೇ ಗತಿ. ಆದ್ದರಿಂದ ಗಡಿಯಾರದ ಹತ್ತು ಮತ್ತು ಎರಡು ಗಂಟೆಯ ನಡುವಿನ ಜಾಗ ಸುರಕ್ಷಿತ.

ಸೆನ್ಸರಿನ ಆಯ್ಕೆ ಇದಕ್ಕಿಂತ ದೊಡ್ಡ ವಿಷಯ. ನ್ಯಾರೋಬ್ಯಾಂಡ್ ಸೆನ್ಸರಿನ ವೋಲ್ಟೇಜು ಗಾಳಿ-ಇಂಧನ ಅನುಪಾತ 14.7:1ರ ಆಸುಪಾಸಿನಲ್ಲಿ ಥಟ್ಟನೆ ಮಗುಚಿಬೀಳುತ್ತದೆ; ಇಂಧನ ಹೆಚ್ಚೋ ಕಡಿಮೆಯೋ ಎಂದಷ್ಟೇ ಹೇಳುತ್ತದೆ, ಎಷ್ಟು ಎನ್ನುವುದಿಲ್ಲ. ಕಾರ್ಬ್ಯುರೇಟರಿನ ಜೆಟ್ ಬದಲಿಸಿ ಇಂಧನ ಹೊಂದಿಸುವ ನಿಮಗೆ ಬೇಕಾದದ್ದು ಆ ‘ಎಷ್ಟು’. ದುಬಾರಿಯಾದರೂ ಅದನ್ನು ಅಳೆದು ಹೇಳುವ ವೈಡ್‌ಬ್ಯಾಂಡ್ ಸೆನ್ಸರನ್ನೇ ಕೊಳ್ಳಿ.

ಸೆನ್ಸರಿಗಿಂತ ಮುಂಚಿನ ಜೋಡಣೆಗಳಲ್ಲಿ ಸೋರಿಕೆಯಿದ್ದರೆ ಹೊರಗಾಳಿ ನುಗ್ಗಿ, ಇಂಧನ ಸಾಲದೆಂದು ಗೇಜ್ ಸುಳ್ಳು ತೋರಿಸುತ್ತದೆ. ಅದನ್ನು ನಂಬಿ ಜೆಟ್ ಮುಟ್ಟಬೇಡಿ, ಮೊದಲು ಗ್ಯಾಸ್ಕೆಟ್ ನೋಡಿ. ಇನ್ನೊಂದು ಮಾತು: ಸೆನ್ಸರ್ ಕೂರಿಸಿದ ಮೇಲೆ ವೈರು ಕೊಡದೆ ಎಂಜಿನ್ ಓಡಿಸಬೇಡಿ, ಹೀಟರ್ ಇಲ್ಲದೆ ಮಸಿ ಕಟ್ಟಿ ಹಾಳಾಗುತ್ತದೆ.