ರೂಟರ್ ಬದಲಾದ ಮೇಲೆ ಮೌನವಾದ ದೂರವಾಣಿ

ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಲ್ಲಿ ಫೈಬರ್ ಸಂಪರ್ಕ ಪಡೆದ ಮನೆಗಳ ದೂರವಾಣಿ ನಡೆಯುವುದು ತಾಮ್ರದ ತಂತಿಯಿಂದಲ್ಲ, ಅಂತರಜಾಲದ ವಿಧಾನದಿಂದ. ಹೊಸ ರೂಟರ್ ಹಾಕಿದ ಮೇಲೆ ಕೆಲವೆಡೆ ನಾವು ಮಾಡಿದ ಕರೆ ಹೋಗುತ್ತದೆ. ಹೊರಗಿನ ಕರೆಗೆ ಮಾತ್ರ ಗಂಟೆ ಬಾರಿಸದು. ಪರಊರಿನ ಮಕ್ಕಳು ಉತ್ತರ ಕಾಣದೆ ಕಳವಳಗೊಳ್ಳುತ್ತಾರೆ. ಮನೆಯ ಹಿರಿಯರಿಗೆ ಕರೆ ಬಂದುದೇ ತಿಳಿಯದು.

ಕಾರಣವಿಷ್ಟೆ: ರೂಟರು ಒಳಗಿನಿಂದ ಹೊರಟ ಸಂದೇಶದ ಗುರುತಿಟ್ಟುಕೊಂಡು, ಅದಕ್ಕೆ ಬಂದ ಉತ್ತರವನ್ನಷ್ಟೇ ಒಳಬಿಡುತ್ತದೆ. ಕೊಂಚ ಹೊತ್ತು ಸಂದೇಶವಿಲ್ಲದಿದ್ದರೆ ಆ ಗುರುತು ಅಳಿಯುತ್ತದೆ. ಅನಂತರದ ಕರೆ ಬಾಗಿಲಲ್ಲೇ ಉಳಿಯುತ್ತದೆ.

ದೂರವಾಣಿಯನ್ನು ಫೈಬರ್ ಪೆಟ್ಟಿಗೆಗೇ ಜೋಡಿಸಿದ್ದು, ಆ ಪೆಟ್ಟಿಗೆಯೇ ಬದಲಾಗಿದ್ದರೆ, ಧ್ವನಿಸೇವೆಯ ವಿವರಗಳನ್ನು ಸೇವೆ ನೀಡುವವರಿಂದಲೇ ತುಂಬಿಸಬೇಕು. ಪ್ರತ್ಯೇಕ ಅಂತರಜಾಲ ದೂರವಾಣಿಯಾದರೆ, ಮೊದಲು ರೂಟರನ್ನೂ ಅದು ಸಿದ್ಧವಾದ ಬಳಿಕ ದೂರವಾಣಿಯನ್ನೂ ಆರಿಸಿ ಹಾಕಿರಿ. ಆಗ ಅದು ಹೊಸದಾಗಿ ನೋಂದಣಿಯಾಗುತ್ತದೆ. ಸ್ವಲ್ಪ ಹೊತ್ತು ಸರಿಯಿದ್ದು ಕರೆಗಳು ಮತ್ತೆ ನಿಂತರೆ, ರೂಟರಿನ ‘ಸಿಪ್ ಎ.ಎಲ್.ಜಿ.’ ಸೌಲಭ್ಯವನ್ನು ನಿಲ್ಲಿಸಿ, ದೂರವಾಣಿಯ ‘ಕೀಪ್ ಅಲೈವ್’ ಅವಧಿಯನ್ನು 30 ಸೆಕೆಂಡಿಗೆ ಇಡುವುದು ಒಳಿತು.

ಕೂಡಲೇ ಕರೆದು ನೋಡಿ ತೃಪ್ತರಾಗಬಾರದು. ಒಂದು ಗಂಟೆ ದೂರವಾಣಿಯನ್ನು ಮುಟ್ಟದೆ ಬಿಟ್ಟು, ಮೊಬೈಲಿನಿಂದ ಕರೆಯಿರಿ. ಆಗ ಗಂಟೆ ಬಾರಿಸಿದರೆ ನಿಶ್ಚಿಂತೆಯಿಂದಿರಬಹುದು.