ಸುಂಕದವರ ಮುಂದೆ ಟ್ರಂಕು ಬಿಚ್ಚಿದ ಕ್ಯಾಸಲ್‌ರಾಕ್

ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್ ಸ್ಟೇಶನ್ನಿನಲ್ಲಿ ರೈಲು ನಿಂತರೆ ಈಗ ಇಳಿಯುವವರು ಬೆರಳೆಣಿಕೆಯ ಮಂದಿ. ಮಂಜು ನೋಡಿ, ಕೈಕಾಲು ಸಡಿಲ ಮಾಡಿ, ಮತ್ತೆ ಹತ್ತುವವರೇ ಹೆಚ್ಚು. ಆದರೆ ಒಂದು ಕಾಲಕ್ಕೆ ಇಲ್ಲಿಗೆ ಬಂದ ಮಂದಿ ಗಂಟುಮೂಟೆ ಬಿಚ್ಚಿ ತೋರಿಸದೆ ಮುಂದೆ ಹೋಗುವಂತಿರಲಿಲ್ಲ. ಯಾಕೆಂದರೆ ಹಿಂದುಸ್ತಾನ ಇಲ್ಲಿಗೆ ಮುಗಿಯುತ್ತಿತ್ತು. ಘಟ್ಟ ಇಳಿದರೆ ಪೋರ್ಚುಗೀಸರ ರಾಜ್ಯ.

ಹಳಿಯಾಳ, ದಾಂಡೇಲಿಯ ಇಂದಿನ ಹುಡುಗರಿಗೆ ಇದನ್ನು ಹೇಳಿದರೆ "ಖರೇನಾ?" ಎಂದು ಕೇಳುತ್ತಾರೆ. ಖರೆ. ನಮ್ಮ ಜಿಲ್ಲೆಯಲ್ಲೇ ಪರದೇಶದ ಗಡಿ ಇತ್ತು. ಆಗ ತಾಲ್ಲೂಕಿನ ಹೆಸರು ಸೂಪಾ. ಆ ಸೂಪಾ ಊರೂ ಈಗಿಲ್ಲ, ಕಾಳಿ ಅಣೆಕಟ್ಟಿನ ನೀರಿನಡಿ ಸೇರಿತು.

ಇಂಗ್ಲಿಷರೂ ಪೋರ್ಚುಗೀಸರೂ 1878ರಲ್ಲಿ ಒಂದು ಕರಾರು ಮಾಡಿಕೊಂಡಿದ್ದರು. ಎರಡೂ ಕಡೆಯ ನಡುವೆ ಸುಂಕ ಬೇಡ, ಬದಲಿಗೆ ಮಾರ್ಮಗೋವಾ ಬಂದರಿನಿಂದ ಘಟ್ಟದ ಮೇಲಕ್ಕೆ ರೈಲು ಬರಲಿ ಎಂದು. ರೈಲೇನೋ ಬಂತು. ಆದರೆ 1892ರಲ್ಲಿ ಕರಾರಿನ ಅವಧಿ ತೀರಿತು, ಸುಂಕದ ಕಟ್ಟೆ ಮತ್ತೆ ಎದ್ದಿತು. ಹಳಿ ಒಂದೇ, ಗಾಡಿ ಒಂದೇ, ತಪಾಸಣೆ ಮಾತ್ರ ಎರಡು: ಮೇಲೆ ಕ್ಯಾಸಲ್‌ರಾಕಿನಲ್ಲಿ ನಮ್ಮವರದು, ಕೆಳಗೆ ಕುಳೆಂನಲ್ಲಿ ಪೋರ್ಚುಗೀಸರದು. ನಡುವೆ ಸುಮಾರು 26 ಕಿಲೋಮೀಟರ್ ಘಟ್ಟ, ಸುರಂಗಗಳ ಸಾಲು, ದೂಧಸಾಗರದ ಧಬಧಬೆ.

ಮುಂಬಯಿಯಲ್ಲಿ ನೌಕರಿಗಿದ್ದ ಗೋವೆಯವರು ರಜೆಗೆ ಊರಿಗೆ ಹೋಗಬೇಕೆಂದರೆ ಲೋಂಡಾ ಮೇಲೆಯೇ ದಾರಿ. ಹಡಗಿನಲ್ಲಿ ಹೋದವರ ಮಾತು ಬೇರೆ. ಕೆಲಸ ಬಿಟ್ಟು ಸಂಸಾರ ಸಮೇತ ಊರು ಸೇರುವವರ ಗತಿ ಕೇಳಬೇಡಿ. ಕಬ್ಬಿಣದ ಟ್ರಂಕು, ಹಾಸಿಗೆ ಸುರುಳಿ, ತಾಮ್ರದ ಹಂಡೆ, ಹೊಲಿಗೆ ಯಂತ್ರ, ಎಲ್ಲವೂ ಸುಂಕದವರ ಕಣ್ಣೆದುರು ಹಾಯಬೇಕು.

ನಿಯಮ ಕೇಳಲಿಕ್ಕೆ ಸರಳವೇ. ಉಟ್ಟ ಬಟ್ಟೆ, ಉಣ್ಣುವ ತಾಟು, ಬಳಸಿದ ಸಾಮಾನಿಗೆ ಸುಂಕವಿಲ್ಲ. ಅಂಗಡಿಯ ಹೊಸತನ ಆರದ ಮಾಲಿಗೆ ಉಂಟು. ಜಗಳ ಹುಟ್ಟುವುದು ಇಲ್ಲೇ. ಹೊಸದು ಯಾವುದು, ಹಳೇದು ಯಾವುದು? ಗಡಿಯ ಆಚೆ ಈಚೆ ಹೆಣ್ಣು ಕೊಟ್ಟು ತಂದ ಮನೆಗಳು ಈ ಭಾಗದಲ್ಲಿ ಕಮ್ಮಿಯಿಲ್ಲ. ಮದುವೆ ಹೆಣ್ಣಿನ ಟ್ರಂಕಿನಲ್ಲಿ ಹಳೇದು ಎಲ್ಲಿಂದ ಬರಬೇಕ್ರಿ? ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆ ಇಂಥ ಕಟ್ಟೆಗಳ ಮುಂದೆಯೇ ಹುಟ್ಟಿರಬೇಕು.

ಸ್ವಾತಂತ್ರ್ಯ ಬಂದಮೇಲೆ ಬಿಗಿ ಹೆಚ್ಚಿತೇ ಹೊರತು ಇಳಿಯಲಿಲ್ಲ. ಈ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಅಲ್ಲಿ 1949ರ ಪಾನನಿರೋಧ ಕಾನೂನು. ಗೋವೆಯಲ್ಲಿ ಶೆರೆಗೆ ಬರವಿಲ್ಲ. ಹಾಗಾಗಿ ಬರುವ ಗಾಡಿಯಲ್ಲಿ ಹಾಸಿಗೆ ಸುರುಳಿಯೊಳಗೆ ಬಾಟ್ಲಿ ಹುಡುಕುವುದೂ ಒಂದು ಕೆಲಸ. ಅದರ ಜೊತೆಗೆ ಬಂಗಾರ, ಕೈಗಡಿಯಾರ, ಫೌಂಟನ್ ಪೆನ್ನು. ನಮ್ಮಲ್ಲಿ ಆಮದಿಗೆ ಕಟ್ಟುನಿಟ್ಟು, ಅಲ್ಲಿ ಪೇಟೆ ತುಂಬ ಪರದೇಶದ ಮಾಲು. ಕಳ್ಳಮಾಲು ರೈಲನ್ನೇ ಕಾಯಬೇಕೆಂದಿಲ್ಲ, ಸೂಪಾದ ಅಡವಿಯಲ್ಲಿ ಕಾಲುದಾರಿಗೆ ಲೆಕ್ಕವೇ ಇರಲಿಲ್ಲ. ತಡಕಾಟ ಮಾತ್ರ ಟಿಕೇಟು ತೆಗೆದು ಬಂದ ಸಂಸಾರಸ್ಥರ ಟ್ರಂಕಿಗೆ!

1955ರ ಆಗಸ್ಟ್ 15ರಂದು ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು. ಆಮೇಲೆ ರೈಲೇ ನಿಂತಿತು. ಘಟ್ಟದ ಮೇಲಿನಿಂದ ಹೋಗುತ್ತಿದ್ದ ಮಾಲಿಗೆ ಕೊಳ್ಳುವವರು ತಪ್ಪಿದರು, ಗೋವೆಯವರು ಹಾಲೆಂಡಿನ ಬಟಾಟೆ ತರಿಸಿ ತಿಂದರು. ಬೀಗರ ಮನೆಗೆ ಹೋಗಿಬರಬೇಕಾದವರು ಮಾತ್ರ ಎರಡೂ ಕಡೆ ಉಳಿದರು. 1961ರ ಡಿಸೆಂಬರ್ 19ಕ್ಕೆ ಗೋವೆ ವಿಮೋಚನೆಯಾಯಿತು. ಪರದೇಶದ ಗಡಿ ಹೋದಮೇಲೆ ಸುಂಕದ ಕಟ್ಟೆಗೆ ಏನು ಕೆಲಸ? ಈಗ ಅನಮೋಡದ ನಾಕಾದಲ್ಲಿ ಚೀಲ ನೋಡುವವರು ಅಬಕಾರಿಯವರು. ಅದನ್ನು ಕಸ್ಟಮ್ಸ್ ಅನ್ನುವುದು ರೂಢಿಯ ಮಾತಷ್ಟೆ.

ಗಡಿ ದಾಟಿದ ಸಾಮಾನಿನ ಇನ್ನೊಂದು ಕಥೆ ಮುಂಡಗೋಡದಲ್ಲಿದೆ, ಅದು ಇನ್ನೂ ಮುಗಿದಿಲ್ಲ. 1959ರಿಂದ ಹಿಮಾಲಯ ಹಾಯ್ದು ಬಂದ ಟಿಬೇಟಿಯನರಿಗೆ ಇಲ್ಲಿ 1966ರಲ್ಲಿ ಕಾಲೋನಿ ಆಯಿತು. ಅವರು ಟ್ರಂಕು ತಂದವರಲ್ಲ. ಕೆಲವರು ಬೆನ್ನಿಗೆ ಕಟ್ಟಿಕೊಂಡು ಬಂದದ್ದು ದೇವರ ಮೂರ್ತಿ, ಸುರುಳಿ ಸುತ್ತಿದ ಥಾಂಕಾ ಚಿತ್ರ, ಬಟ್ಟೆಯಲ್ಲಿ ಸುತ್ತಿದ ಗ್ರಂಥದ ಹಾಳೆ.

ಈಗ ಅವರ ಮಕ್ಕಳು ಮೊಮ್ಮಕ್ಕಳು ಅಮೆರಿಕ, ಕೆನಡಾ ಎಂದು ಹೊರಟಿದ್ದಾರೆ. ಪಾತ್ರೆ, ಬಟ್ಟೆ, ಕಂಬಳಿಗೆ ತಕರಾರಿಲ್ಲ. ತಕರಾರು ಆ ಹಳೇ ಗಂಟಿಗೇ. 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯಿದೆಯಂತೆ ನೂರು ವರ್ಷ ತುಂಬಿದ ಮೂರ್ತಿ, ಚಿತ್ರಗಳನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಬೆಲೆಯುಳ್ಳ ಹಸ್ತಪ್ರತಿಗೆ 75 ವರ್ಷವೇ ಸಾಕು. ದೇವರಮನೆಯಲ್ಲಿ ದಿನಾ ದೀಪ ಹಚ್ಚಿದ ಮೂರ್ತಿ ಎಂದರೂ ಕಾಯಿದೆ ಕೇಳದು. ಬರುವಾಗ ಯಾರೂ ತಡೆಯದ ಸಾಮಾನು ಹೋಗುವಾಗ ವಿಮಾನ ನಿಲ್ದಾಣದಲ್ಲಿ ನಿಲ್ಲುತ್ತದೆ. ಕಳ್ಳರ ಕೈಗೆ ಕಡಿವಾಣ ಹಾಕಲು ಮಾಡಿದ ಕಾಯಿದೆ, ಅದು ಬೇಕೂ ಹೌದು. ಆದರೆ ಮುತ್ತಜ್ಜಿಯ ಮೂರ್ತಿಗೂ ಅದೇ ತಕ್ಕಡಿ.

ನೂರು ವರ್ಷ ಆಗದ ವಸ್ತುವಿಗೆ ಮಾತ್ರ ದಾರಿ ಇದೆ. ಅದು ಪುರಾತನವಲ್ಲ ಎಂಬ ಸರ್ಟಿಫಿಕೇಟನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆಯಬೇಕು. ಫೋಟೋ ಕೊಡಬೇಕು, ಪರಿಣತರಿಗೆ ವಸ್ತುವನ್ನೇ ತೋರಿಸಬೇಕು. ಇದು ವಿಮಾನದ ಬಾಗಿಲಲ್ಲಿ ಆಗುವ ಕೆಲಸವಲ್ಲ, ಟಿಕೇಟು ತೆಗೆಸುವ ಮೊದಲೇ ಓಡಾಡಬೇಕು. ಅದಾಗದ ಮೂರ್ತಿ ಮುಂಡಗೋಡದ ಮನೆಯಲ್ಲೇ ಉಳಿಯುತ್ತದೆ, ನೋಡಿಕೊಳ್ಳಲು ಹಿರಿಯರೊಬ್ಬರು ಇದ್ದರೆ.